ಮೂರು ವರ್ಷ ಸೋಲನ್ನೇ ಕಾಣದ ವೆಸ್ಟ್ ಪಾಯಿಂಟ್, 13ಕ್ಕೆ 13 ಪಂದ್ಯ ಸೋತಿದ್ದು ಹೇಗೆ?

ಬನಶಂಕರಿ ಬಸ್:
ನಾನು ಕ್ರಿಕೆಟ್ ಹುಚ್ಚ. ಅಮೆರಿಕನ್ ಫುಟ್‌ಬಾಲ್ ಅಂದರೆ ಹೆಲ್ಮೆಟ್ ಹಾಕಿಕೊಂಡು ಗುದ್ದಾಡೋದು ಅಂತಷ್ಟೇ ಗೊತ್ತಿತ್ತು. ನ್ಯೂಜೆರ್ಸಿಗೆ ಬಂದ ಮೇಲೆ, 2024ರ ಡಿಸೆಂಬರ್‌ನಲ್ಲಿ ಆಫೀಸಿನ ಗೆಳೆಯನ ಮನೆಯಲ್ಲಿ ಆರ್ಮಿ–ನೇವಿ ಪಂದ್ಯ ನೋಡಿದೆ. ಆರ್ಮಿ ಅಂದರೆ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ತಂಡ, ನೇವಿ ಅಂದರೆ ನೌಕಾ ಅಕಾಡೆಮಿಯದ್ದು. ನೇವಿ 31, ಆರ್ಮಿ 13. ಹಿಂದಿನ ವಾರ ತಾನೇ ಆರ್ಮಿ ತಂಡ ಟುಲೇನ್ ವಿರುದ್ಧ 35–14ರಿಂದ ಗೆದ್ದು ಕಾನ್ಫರೆನ್ಸ್ (ಕಾಲೇಜುಗಳ ಲೀಗ್) ಟ್ರೋಫಿ ಎತ್ತಿತ್ತು, ಅದೂ ಅವರ ಇತಿಹಾಸದಲ್ಲೇ ಮೊದಲ ಸಲ. ಆದರೆ ಪಕ್ಕದಲ್ಲಿ ಕೂತಿದ್ದ ಗೆಳೆಯನ ಮಾವ, "ಇವರನ್ನು ಒಂದು ಕಾಲದಲ್ಲಿ ಮೂರು ವರ್ಷ ಯಾರಿಗೂ ಸೋಲಿಸಲು ಆಗಲಿಲ್ಲ" ಅಂದರು. ಮನೆಗೆ ಬಂದು ಹುಡುಕಿದರೆ 2003ರಲ್ಲಿ 13ಕ್ಕೆ 13 ಪಂದ್ಯ ಸೋತಿದ್ದಾರೆ! ಒಂದೇ ಕಾಲೇಜು, ಒಂದೇ ಮೈದಾನ. ಇದು ಹೇಗಾಯಿತು ಅಂತ ಯಾರಾದರೂ ಬಿಡಿಸಿ ಹೇಳುತ್ತೀರಾ?

ಹಡ್ಸನ್ ದಂಡೆ:
ಬಸ್ ಅವರೇ, ಕಾಫಿ ಇಟ್ಟುಕೊಂಡು ಕೂತುಕೊಳ್ಳಿ, ಇದು ಬೇಗ ಮುಗಿಯೋದಲ್ಲ. ಇಪ್ಪತ್ತು ವರ್ಷದಿಂದ ಇಲ್ಲೇ ಹತ್ತಿರದಲ್ಲಿದ್ದೇನೆ, ವರ್ಷಕ್ಕೆ ಒಂದೆರಡು ಪಂದ್ಯಕ್ಕಾದರೂ ಹೋಗುತ್ತೇನೆ.

ಶುರುವಾಗಿದ್ದು 1890ರಲ್ಲಿ. ಡೆನಿಸ್ ಮಿಕೀ ಅನ್ನೋ ಕೆಡೆಟ್. ಇವರಪ್ಪ ಅಲ್ಲೇ ಪ್ರೊಫೆಸರ್. ವೆಸ್ಟ್ ಪಾಯಿಂಟ್‌ನಲ್ಲಿ ಆಗ ಫುಟ್‌ಬಾಲ್ ತಂಡವೇ ಇರಲಿಲ್ಲ, ಆಟ ಗೊತ್ತಿದ್ದವರು ಇವನೂ ಇನ್ನೊಬ್ಬಿಬ್ಬರೂ ಅಷ್ಟೇ. ಅಧಿಕಾರಿಗಳನ್ನು ನೇರವಾಗಿ ಕೇಳಿದರೆ ಬೇಡ ಅನ್ನುತ್ತಾರೆ. ಅದಕ್ಕೆ ಹುಡುಗ ತಲೆ ಓಡಿಸಿದ. ಅನಾಪೊಲಿಸ್‌ನ ನೌಕಾ ಅಕಾಡೆಮಿಯವರಿಂದಲೇ ಒಂದು ಸವಾಲು ಬರುವ ಹಾಗೆ ಮಾಡಿದ. ನೇವಿಯವರು ಕರೆದ ಮೇಲೆ ಸೈನ್ಯದವರು ಇಲ್ಲ ಅನ್ನೋಕಾಗುತ್ತಾ? ಮಾನದ ಪ್ರಶ್ನೆ. ನೇವಿ ತಂಡದ ಪ್ರಯಾಣದ ಅರ್ಧ ಖರ್ಚಿಗೆ ಕೆಡೆಟ್‌ಗಳು ತಲೆಗೆ 52 ಸೆಂಟ್ ಹಾಕಿದರು. ನವೆಂಬರ್ 29ಕ್ಕೆ ಪಂದ್ಯ. ಪರೇಡ್ ಮಾಡೋ ಬಯಲಲ್ಲೇ ಗೆರೆ ಎಳೆದು ಆಡಿದರು. ನೇವಿ 24, ಆರ್ಮಿ ಸೊನ್ನೆ. ಕೈಯಿಂದ ದುಡ್ಡು ಕೊಟ್ಟು ಕರೆಸಿಕೊಂಡು ಏಟು ತಿಂದ ಹಾಗಾಯಿತು. ಮುಂದಿನ ವರ್ಷ ಅವರ ಊರಿಗೇ ಹೋಗಿ 32–16ರಿಂದ ಸೇಡು ತೀರಿಸಿಕೊಂಡರು.

ಮಿಕೀ 1898ರಲ್ಲಿ ಕ್ಯೂಬಾದ ಯುದ್ಧದಲ್ಲಿ ಸತ್ತ. 1924ರಲ್ಲಿ ತೆರೆದ ಮೈದಾನಕ್ಕೆ ಅವನ ಹೆಸರೇ ಇದೆ, ಮಿಕೀ ಸ್ಟೇಡಿಯಂ.

ಕಟ್ಟೆ ಪುರಾಣ:
1893ರ ಕಥೆ ಬಿಟ್ಟಿರಲ್ಲ ಸಾರ್. ಆ ಪಂದ್ಯ ನೋಡುತ್ತಾ ಒಬ್ಬ ಜನರಲ್‌ಗೂ ಒಬ್ಬ ಅಡ್ಮಿರಲ್‌ಗೂ ಜಗಳ ಹತ್ತಿ, ಪಿಸ್ತೂಲು ಹಿಡಿದು ದ್ವಂದ್ವಯುದ್ಧ ಮಾಡೋ ಮಟ್ಟಕ್ಕೆ ಹೋಗಿತ್ತು ಅಂತ ಹೇಳುತ್ತಾರೆ. ವಿಷಯ ಅಧ್ಯಕ್ಷ ಕ್ಲೀವ್‌ಲೆಂಡ್ ಸಂಪುಟಕ್ಕೇ ಹೋಯಿತು. 1899ರವರೆಗೆ ಎರಡೂ ಕಡೆಯವರು ಪರಸ್ಪರ ಆಡಲೇ ಇಲ್ಲ. ಆಮೇಲೆ ನಿನ್ನೂರೂ ಬೇಡ ನನ್ನೂರೂ ಬೇಡ ಅಂತ ಫಿಲಡೆಲ್ಫಿಯಾದಲ್ಲಿ ಆಡಿಸಿದರು. ಇಲ್ಲಿಯವರೆಗೆ ಜಾಸ್ತಿ ಪಂದ್ಯ ನಡೆದಿರೋದು ಅಲ್ಲೇ.

ಅದೇ 1893ರಲ್ಲಿ ನೇವಿಯ ರೀವ್ಸ್ ಅನ್ನೋ ಆಟಗಾರನಿಗೆ ಡಾಕ್ಟರು, ತಲೆಗೆ ಇನ್ನೊಂದು ಏಟು ಬಿದ್ದರೆ ಹುಚ್ಚು ಹಿಡಿಯುತ್ತೆ ಇಲ್ಲ ಸಾಯ್ತೀಯ ಅಂದಿದ್ದರು. ಆಟ ಬಿಡೋ ಬದಲು ಅವನು ಚಪ್ಪಲಿ ಹೊಲಿಯುವವನ ಹತ್ತಿರ ಹೋಗಿ ತಲೆಗೊಂದು ಟೋಪಿ ಹೊಲಿಸಿಕೊಂಡು ಬಂದ. ಫುಟ್‌ಬಾಲ್ ಹೆಲ್ಮೆಟ್ ಹುಟ್ಟಿದ್ದು ಹಾಗೆ ಅಂತಾರೆ. ಆ ಮನುಷ್ಯ ಮುಂದೆ ದೊಡ್ಡ ಅಡ್ಮಿರಲ್ ಆದ, ತಲೆ ಸರಿಯಾಗೇ ಇತ್ತು ಅನ್ನಿ.

ಮಲ್ಲಿಗೆ ಮೊಗ್ಗು:
ಹೇಸರಗತ್ತೆ ಯಾಕೆ ಅವರ ಗುರುತು? ಆರ್ಮಿ ಅಂದರೆ ಹುಲಿನೋ ಹದ್ದೋ ಇಟ್ಟುಕೊಳ್ಳಬಾರದಿತ್ತಾ?

ಕಟ್ಟೆ ಪುರಾಣ:
ಮಲ್ಲಿಗೆ ಅಕ್ಕ, ನೇವಿಯವರು ಮೊದಲ ಪಂದ್ಯಕ್ಕೇ ದಾರಿಯಲ್ಲಿ ಸಿಕ್ಕ ಒಂದು ಮೇಕೆ ಹಿಡಿದು ತಂದಿದ್ದರು. ಅದಕ್ಕೆ ಜವಾಬು ಬೇಕಿತ್ತು. 1899ರಲ್ಲಿ ಫಿಲಡೆಲ್ಫಿಯಾದಲ್ಲಿ ಐಸ್ ಗಾಡಿ ಎಳೆಯುತ್ತಿದ್ದ ಬಿಳಿ ಹೇಸರಗತ್ತೆಯನ್ನು ತೊಳೆದು ಅಲಂಕಾರ ಮಾಡಿ ಮೈದಾನಕ್ಕೆ ತಂದರಂತೆ. ಆಗ ಸೈನ್ಯದ ಸಾಮಾನೆಲ್ಲಾ ಹೊರುತ್ತಿದ್ದಿದ್ದು ಅದೇ ಪ್ರಾಣಿ. ಹುಲಿ ಫಿರಂಗಿ ಎಳೆಯುತ್ತಾ?

ಹಡ್ಸನ್ ದಂಡೆ:
ಹಹ್ಹ. ಸರಿ, ನಾನು ಮುಂದುವರಿಸುತ್ತೇನೆ. ನನಗೆ ಬಹಳ ಕಾಡುವ ಪಂದ್ಯ ಒಂದಿದೆ, ಆರ್ಮಿ ಗೆದ್ದಿದ್ದಲ್ಲ, ಸೋತಿದ್ದು. 1912ರ ನವೆಂಬರ್ 9. ಎದುರಾಳಿ ಕಾರ್ಲೈಲ್ ಇಂಡಿಯನ್ ಸ್ಕೂಲ್. ಅಮೆರಿಕದ ಮೂಲನಿವಾಸಿ ಮಕ್ಕಳನ್ನು ಅವರ ಮನೆಗಳಿಂದ ದೂರ ತಂದು, ಕೂದಲು ಕತ್ತರಿಸಿ, ಅವರ ಭಾಷೆ ಬಿಡಿಸಿ 'ತಿದ್ದುವ' ಶಾಲೆ ಅದು. ಈ ಕಡೆ ಮುಂದೆ ಸೈನ್ಯದ ಅಧಿಕಾರಿಗಳಾಗೋ ಹುಡುಗರು. ಆ ಕಡೆ ಅದೇ ಸೈನ್ಯ ಸೋಲಿಸಿದ ಜನರ ಮಕ್ಕಳು. ತಾರೀಕು ನೋಡಿ: ಮೊದಲ ಆರ್ಮಿ–ನೇವಿ ಪಂದ್ಯ 1890ರ ನವೆಂಬರ್ 29, ಸೈನ್ಯ ಮೂಲನಿವಾಸಿಗಳನ್ನು ಕೊಂದ ವೂಂಡೆಡ್ ನೀ ಹತ್ಯಾಕಾಂಡ 1890ರ ಡಿಸೆಂಬರ್ 29. ಸರಿಯಾಗಿ ಒಂದು ತಿಂಗಳು.

ಕಾರ್ಲೈಲ್ ಕಡೆ ಜಿಮ್ ಥಾರ್ಪ್ ಇದ್ದ, ಆ ಬೇಸಿಗೆಯಲ್ಲಷ್ಟೇ ಸ್ಟಾಕ್‌ಹೋಮ್ ಒಲಿಂಪಿಕ್ಸ್‌ನಲ್ಲಿ ಎರಡು ಚಿನ್ನ ಗೆದ್ದು ಬಂದವನು. ಆರ್ಮಿ ಕಡೆ ಐಸೆನ್‌ಹೋವರ್. ಹೌದು, ಮುಂದೆ ಅಧ್ಯಕ್ಷರಾದ ಅದೇ ಐಸೆನ್‌ಹೋವರ್. ಇವರೂ ಇನ್ನೊಬ್ಬನೂ ಸೇರಿ ಥಾರ್ಪ್‌ನನ್ನು ಬೀಳಿಸಲು ನುಗ್ಗಿದರೆ ಅವನು ತಪ್ಪಿಸಿಕೊಂಡ, ಇವರಿಬ್ಬರೇ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡರು ಅಂತ ಕಥೆ. ಕಾರ್ಲೈಲ್ 27, ಆರ್ಮಿ 6. ಮುಂದಿನ ವಾರ ಟಫ್ಟ್ಸ್ ವಿರುದ್ಧ ಐಸೆನ್‌ಹೋವರ್ ಮೊಣಕಾಲು ಹೋಯಿತು, ಆಟವೂ ಮುಗಿಯಿತು.

1913ರಲ್ಲಿ ಇನ್ನೊಂದು ಪಾಠ. ನೋಟರ್ ಡೇಮ್ ಅನ್ನೋ ಆಗಿನ್ನೂ ಅಷ್ಟು ಹೆಸರಿಲ್ಲದ ಕಾಲೇಜು ಬಂದು, ಚೆಂಡನ್ನು ಮುಂದಕ್ಕೆ ಎಸೆದೂ ಎಸೆದೂ 35–13ರಲ್ಲಿ ಹೊಡೆದು ಹೋಯಿತು. ಆರ್ಮಿಯವರು ಅಳುತ್ತಾ ಕೂರಲಿಲ್ಲ, ಅದನ್ನೇ ಕಲಿತು ಅದೇ ವರ್ಷ ನೇವಿಯನ್ನು 22–9ರಲ್ಲಿ ಸೋಲಿಸಿದರು. ಮುಂದಿನ ವರ್ಷ 9ಕ್ಕೆ 9 ಗೆಲುವು.

ಬನಶಂಕರಿ ಬಸ್:
ಸಖತ್. ಆದರೆ ನನ್ನ ಪ್ರಶ್ನೆ ಆ ಮೂರು ವರ್ಷದ್ದು.

ಹಡ್ಸನ್ ದಂಡೆ:
ಬಂದೆ ಬಂದೆ. 1941ರಲ್ಲಿ ರೆಡ್ ಬ್ಲೇಕ್ ಕೋಚ್ ಆದರು, 1958ರವರೆಗೂ ಇದ್ದರು. 1944, 45, 46. ಮೂರು ವರ್ಷದಲ್ಲಿ 27 ಗೆಲುವು, 1 ಡ್ರಾ, ಸೋಲು ಸೊನ್ನೆ. 1944ರಲ್ಲಿ ಇವರು ಹೊಡೆದದ್ದು 504 ಅಂಕ, ಬಿಟ್ಟುಕೊಟ್ಟಿದ್ದು 35. ನೋಟರ್ ಡೇಮ್‌ಗೆ 59–0. ಡಾಕ್ ಬ್ಲಾಂಚರ್ಡ್ ಮಧ್ಯದಲ್ಲಿ ಗೂಳಿ ಥರ ನುಗ್ಗುತ್ತಿದ್ದ, ಗ್ಲೆನ್ ಡೇವಿಸ್ ಪಕ್ಕದಿಂದ ಗಾಳಿ ಥರ ಹೋಗುತ್ತಿದ್ದ. ಅದಕ್ಕೇ ಒಬ್ಬ 'ಒಳಗಿನವನು', ಒಬ್ಬ 'ಹೊರಗಿನವನು' ಅಂತ ಪತ್ರಿಕೆಯವರು ಹೆಸರಿಟ್ಟರು. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡೋ ಹೈಸ್‌ಮನ್ ಟ್ರೋಫಿ 1945ರಲ್ಲಿ ಒಬ್ಬನಿಗೆ, 1946ರಲ್ಲಿ ಇನ್ನೊಬ್ಬನಿಗೆ.

ಕಟ್ಟೆ ಪುರಾಣ:
ಇಲ್ಲಿ ನನ್ನದೊಂದು ತಕರಾರು. ಆ ಗೆಲುವನ್ನು ಅಷ್ಟು ಹೊಗಳಬೇಡಿ. ಯುದ್ಧದ ಕಾಲ ಅದು. ಬೇರೆ ಕಾಲೇಜುಗಳ ಹುಡುಗರೆಲ್ಲ ಸೈನ್ಯಕ್ಕೆ ಹೋಗಿದ್ದರು, ಎಷ್ಟೋ ಕಡೆ ತಂಡವನ್ನೇ ಮುಚ್ಚಿದ್ದರು. ವೆಸ್ಟ್ ಪಾಯಿಂಟ್ ಸೇರಿದರೆ ಓದು ಮುಗಿಯೋವರೆಗೂ ರಣರಂಗಕ್ಕೆ ಕಳಿಸಲ್ಲ, ಜೊತೆಗೆ ಬೇರೆ ಕಾಲೇಜಿನಲ್ಲಿ ಆಡಿದವರನ್ನೂ ತೆಗೆದುಕೊಳ್ಳುತ್ತಿದ್ದರು. ಬ್ಲಾಂಚರ್ಡ್ ಕೂಡ ನಾರ್ತ್ ಕೆರೊಲಿನಾದಿಂದ ಬಂದವನೇ. ಎದುರಿಗೆ ಹದಿನೇಳರ ಪೋರರು. 59–0 ಆಗದೆ ಇನ್ನೇನು?

ಹಳೇ ಸುಬೇದಾರ:
ಕಟ್ಟೆ ಪುರಾಣದವರ ಮಾತಲ್ಲಿ ಅರ್ಧ ನಿಜ. ಇನ್ನರ್ಧ ಕೇಳಿ. ನೇವಿಯವರು ತಮ್ಮ ತರಬೇತಿ ಹುಡುಗರನ್ನು ಬೇರೆ ಬೇರೆ ಕಾಲೇಜಿನಲ್ಲಿ ಇಟ್ಟು ಓದಿಸುತ್ತಿದ್ದರು, ಅಲ್ಲಿ ಫುಟ್‌ಬಾಲ್ ಆಡಲು ಬಿಡುತ್ತಿದ್ದರು. ನೋಟರ್ ಡೇಮ್‌ನಲ್ಲೂ ಅಂಥವರಿದ್ದರು. ಆರ್ಮಿಯವರು ಕಾಲೇಜುಗಳಲ್ಲಿಟ್ಟ ತಮ್ಮ ತರಬೇತಿ ಹುಡುಗರಿಗೆ ಆಡಲು ಬಿಡಲೇ ಇಲ್ಲ. ಅಂದರೆ ಎಲ್ಲರೂ ಬರಿಗೈಯಲ್ಲಿರಲಿಲ್ಲ.

ಮತ್ತೆ 1946 ನೋಡಿ. ಯುದ್ಧ ಮುಗಿದಿತ್ತು, ಎಲ್ಲರೂ ವಾಪಸ್ ಬಂದಿದ್ದರು. ಯಾಂಕೀ ಸ್ಟೇಡಿಯಂನಲ್ಲಿ ನೋಟರ್ ಡೇಮ್ ಜೊತೆ 0–0. ತಪ್ಪಿಸಿಕೊಂಡು ಓಡಿದ ಬ್ಲಾಂಚರ್ಡ್‌ನನ್ನು ನೋಟರ್ ಡೇಮ್‌ನ ಲೂಜಾಕ್ ಒಬ್ಬನೇ ಹಿಡಿದು ಕೆಡವಿದ, ಇಲ್ಲದಿದ್ದರೆ ಆ ಪಂದ್ಯವೂ ಇವರದ್ದೇ. ನಾನು ಇಪ್ಪತ್ತೆಂಟು ವರ್ಷ ಫೌಜಿನಲ್ಲಿದ್ದವನು, ರೆಜಿಮೆಂಟ್ ಆಟಗಳನ್ನು ಹತ್ತಿರದಿಂದ ನೋಡಿದ್ದೇನೆ. ಅದೃಷ್ಟದಿಂದ ಒಂದು ಪಂದ್ಯ ಗೆಲ್ಲಬಹುದು, 27 ಅಲ್ಲ.

ಕಟ್ಟೆ ಪುರಾಣ:
ಒಪ್ಪಿದೆ ಸುಬೇದಾರ್ ಸಾಹೇಬರೇ. ಆದರೆ ಅದೇ 1946ರಲ್ಲಿ, ವರ್ಷವಿಡೀ ಒಂದೇ ಒಂದು ಪಂದ್ಯ ಗೆದ್ದಿದ್ದ ನೇವಿ ಎದುರು ಕೊನೆಗೆ 21–18ರಲ್ಲಿ ಉಸಿರು ಬಿಗಿಹಿಡಿದು ಬಚಾವಾದರು ಅನ್ನೋದನ್ನೂ ಬರೆಯಿರಿ. ಸಮಯ ಮುಗಿದಾಗ ಚೆಂಡು ಆರ್ಮಿಯ ಗೋಲು ಗೆರೆಯ ಮುಂದೆಯೇ ಇತ್ತು 😄

ಮಲ್ಲಿಗೆ ಮೊಗ್ಗು:
ಆಮೇಲೆ ಬಿದ್ದಿದ್ದು ಯಾವಾಗ? ಯುದ್ಧ ಮುಗಿದ ತಕ್ಷಣವಾ?

ಹಳೇ ಸುಬೇದಾರ:
ಇಲ್ಲಮ್ಮ. ಮೊದಲ ಪೆಟ್ಟು 1951ರಲ್ಲಿ, ಅದೂ ಮನೆಯೊಳಗಿಂದಲೇ. ಅಲ್ಲಿ ಕೆಡೆಟ್‌ಗಳನ್ನು ಎರಡು ರೆಜಿಮೆಂಟ್ ಮಾಡಿದ್ದರು. ಒಂದು ಗುಂಪಿಗೆ ಇವತ್ತು ಪರೀಕ್ಷೆ, ಇನ್ನೊಂದಕ್ಕೆ ನಾಳೆ, ಪ್ರಶ್ನೆಪತ್ರಿಕೆ ಒಂದೇ! ನಂಬಿಕೆ ಮೇಲೆ ನಡೀತಿದ್ದ ವ್ಯವಸ್ಥೆ. ಇವತ್ತು ಬರೆದವನು ರಾತ್ರಿ ಊಟದ ಹೊತ್ತಿಗೆ ಪ್ರಶ್ನೆ ಹೇಳಿಬಿಡುತ್ತಿದ್ದ. ಅಲ್ಲಿಯ ನಿಯಮ ಬಲು ಕಟ್ಟುನಿಟ್ಟು. ಸುಳ್ಳು ಹೇಳಬಾರದು, ಮೋಸ ಮಾಡಬಾರದು, ಕದಿಯಬಾರದು, ಮಾಡಿದವನನ್ನು ನೋಡಿ ಸುಮ್ಮನಿರಲೂಬಾರದು. ಆ ಕೊನೆಯದಕ್ಕೇ ಬಹಳ ಜನ ಸಿಕ್ಕಿಬಿದ್ದರು. ಗೆಳೆಯನ ಹೆಸರು ಹೇಳಲು ಬಾಯಿ ಬರಲಿಲ್ಲ. ಸುಮಾರು 90 ಕೆಡೆಟ್‌ಗಳು ಹೊರಗೆ ಹೋದರು. ಅದರಲ್ಲಿ ಫುಟ್‌ಬಾಲ್ ತಂಡದವರು ರಾಶಿ ರಾಶಿ. ಕೋಚ್ ಬ್ಲೇಕ್ ಅವರ ಸ್ವಂತ ಮಗನೂ ಹೋದ, ಅವನು ತಂಡದ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಹಿಡಿದು ಆಟ ನಡೆಸೋ ಮುಖ್ಯ ಆಟಗಾರ.

ಯೋಚನೆ ಮಾಡಿ, ಆ ಅಪ್ಪ ಮಾರನೇ ದಿನ ಮೈದಾನಕ್ಕೆ ಹೇಗೆ ಹೋಗಿರಬೇಕು? ರಾಜೀನಾಮೆ ಕೊಡಲಿಲ್ಲ. ಉಳಿದ ಎಳೆ ಹುಡುಗರನ್ನು ಕಟ್ಟಿಕೊಂಡು ಆಡಿಸಿದರು, 2 ಗೆದ್ದು 7 ಸೋತರು. 1953ರ ಹೊತ್ತಿಗೆ 7 ಗೆಲುವು, ಒಂದೇ ಸೋಲು, ಒಂದು ಡ್ರಾ. ಆ ವರ್ಷಗಳಲ್ಲಿ ಅವರ ಸಹಾಯಕ ಕೋಚ್ ಆಗಿದ್ದವರು ವಿನ್ಸ್ ಲೊಂಬಾರ್ಡಿ. ವೃತ್ತಿಪರ ಫುಟ್‌ಬಾಲ್‌ನ ಫೈನಲ್ ಆದ ಸೂಪರ್ ಬೌಲ್ ಗೆದ್ದವರಿಗೆ ಇವತ್ತು ಕೊಡೋ ಟ್ರೋಫಿ ಇವರ ಹೆಸರಲ್ಲೇ ಇರೋದು.

ಹಡ್ಸನ್ ದಂಡೆ:
1958ನ್ನು ನಾನು ಹೇಳುತ್ತೇನೆ, ಪ್ಲೀಸ್. ಬ್ಲೇಕ್ ಅವರ ಕೊನೆಯ ವರ್ಷ. 8 ಗೆಲುವು, 1 ಡ್ರಾ. ಪೀಟ್ ಡಾಕಿನ್ಸ್‌ಗೆ ಹೈಸ್‌ಮನ್. ಆದರೆ ಎಲ್ಲರ ಕಣ್ಣು ಬಿಲ್ ಕಾರ್ಪೆಂಟರ್ ಮೇಲೆ. ಪ್ರತಿ ಸಲವೂ ತಂಡ ಒಟ್ಟುಗೂಡಿ ಮುಂದಿನ ಆಟದ ಬಗ್ಗೆ ಗುಸುಗುಸು ಮಾಡುತ್ತಲ್ಲ, ಇವನು ಅಲ್ಲಿಗೆ ಬರುತ್ತಲೇ ಇರಲಿಲ್ಲ. ಮೈದಾನದ ಒಂದು ಅಂಚಿನಲ್ಲಿ ಒಬ್ಬನೇ ನಿಂತಿರುತ್ತಿದ್ದ. ಹಾಗಾದರೆ ಏನು ಆಡಬೇಕು ಅಂತ ಇವನಿಗೆ ಹೇಗೆ ಗೊತ್ತಾಗುತ್ತೆ? ಎದುರಾಳಿಗಳು ತಲೆ ಕೆರೆದುಕೊಂಡರು. ಗುಟ್ಟು ಆಮೇಲೆ ಹೊರಬಿತ್ತು: ಕ್ವಾರ್ಟರ್‌ಬ್ಯಾಕ್ ಕಾಲು ಇಡೋ ರೀತಿಯಲ್ಲೇ ಸನ್ನೆ ಇತ್ತು.

ಈ ಕಾರ್ಪೆಂಟರ್ 1966ರಲ್ಲಿ ವಿಯೆಟ್ನಾಂನಲ್ಲಿ, ಶತ್ರುಗಳು ಸುತ್ತುವರಿದಾಗ, ತಾನು ನಿಂತ ಜಾಗದ ಮೇಲೇ ನೇಪಾಮ್ (ಬೆಂಕಿ ಬಾಂಬ್) ಹಾಕಿ ಅಂತ ವಿಮಾನಕ್ಕೆ ಹೇಳಿದರು. ಬದುಕಿ ಬಂದು ಲೆಫ್ಟಿನೆಂಟ್ ಜನರಲ್ ಆದರು. 1955ರ ಕ್ವಾರ್ಟರ್‌ಬ್ಯಾಕ್ ಡಾನ್ ಹಾಲೆಡರ್‌ಗೆ ಅಷ್ಟು ಅದೃಷ್ಟ ಇರಲಿಲ್ಲ. 1967ರ ಅಕ್ಟೋಬರ್ 17ರಂದು, ಗಾಯಗೊಂಡವರ ಕಡೆ ಓಡುತ್ತಿದ್ದಾಗ ಗುಂಡಿಗೆ ಬಿದ್ದರು.

ಬಸ್ ಅವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಲ್ಲೇ ಇದೆ. 1944ರಲ್ಲಿ ಒಳ್ಳೆಯ ಆಟಗಾರನನ್ನು ವೆಸ್ಟ್ ಪಾಯಿಂಟ್‌ಗೆ ಎಳೆದು ತಂದಿದ್ದೂ ಸೈನ್ಯ ಅನ್ನೋ ಮಾತೇ. 1968ರಲ್ಲಿ ಅವನನ್ನು ದೂರ ಓಡಿಸಿದ್ದೂ ಅದೇ. ಪದವಿ ಆದ ಮೇಲೆ ಐದು ವರ್ಷ ಸೇನೆಯಲ್ಲಿ ಇರಲೇಬೇಕು. ಅಷ್ಟರಲ್ಲಿ ವೃತ್ತಿಪರ ಫುಟ್‌ಬಾಲ್‌ನಲ್ಲಿ ಕೋಟಿಗಟ್ಟಲೆ ದುಡ್ಡು ಬಂತು, ಟಿವಿ ಬಂತು, ವಿಯೆಟ್ನಾಂ ಬಂತು. ಯಾವ ಹುಡುಗ ಬರುತ್ತಾನೆ? 1973ರಲ್ಲಿ 10ಕ್ಕೆ 10 ಸೋಲು, ನೇವಿ ಕೈಯಲ್ಲಿ 51–0.

ಬನಶಂಕರಿ ಬಸ್:
ಅಂದರೆ 2003 ಕೂಡ ಅದೇ ಕಾರಣ?

ಕಟ್ಟೆ ಪುರಾಣ:
ಅಷ್ಟೇ ಅಲ್ಲ. ಇಲ್ಲಿ ಸ್ವಂತ ಬುದ್ಧಿಯ ಕೊಡುಗೆಯೂ ಇದೆ. 1983ರಲ್ಲಿ ಜಿಮ್ ಯಂಗ್ ಕೋಚ್ ಆಗಿ ಬಂದರು. ಮೊದಲ ವರ್ಷ ಎಲ್ಲರ ಹಾಗೆ ಚೆಂಡು ಎಸೆಯೋ ಆಟ ಆಡಿಸಿದರು, 2 ಗೆದ್ದು 9 ಸೋತರು. ನಮ್ಮ ಹುಡುಗರು ಸಣ್ಣ, ಅವರು ಆನೆ. ಸೈನ್ಯದಲ್ಲಿ ತೂಕಕ್ಕೆ ಮಿತಿ ಇದೆ, 150 ಕೇಜಿ ದೇಹ ಇಟ್ಟುಕೊಂಡು ಲೆಫ್ಟಿನೆಂಟ್ ಆಗೋಕಾಗಲ್ಲ. ಅದಕ್ಕೆ 1984ರಲ್ಲಿ ಆಟವನ್ನೇ ಬದಲಿಸಿದರು. ಆಪ್ಷನ್ ಆಟ. ಕ್ವಾರ್ಟರ್‌ಬ್ಯಾಕ್ ಚೆಂಡು ಹಿಡಿದು ಓಡುತ್ತಲೇ, ಎದುರಿನ ಒಬ್ಬನ ಹೆಜ್ಜೆ ನೋಡಿ ತೀರ್ಮಾನ ಮಾಡಬೇಕು: ಮಧ್ಯದವನಿಗೆ ಕೊಡೋದಾ, ತಾನೇ ಓಡೋದಾ, ಪಕ್ಕದವನಿಗೆ ಹಿಂದಕ್ಕೆ ಎಸೆಯೋದಾ. ಆ ಒಬ್ಬನನ್ನು ತಳ್ಳೋದೇ ಬೇಡ, ಅವನು ಯಾರ ಕಡೆ ಹೋದರೂ ತಪ್ಪೇ. ದೈತ್ಯರನ್ನು ಎತ್ತಿ ಬಿಸಾಕೋ ಶಕ್ತಿ ಬೇಡ, ಲೆಕ್ಕ ತಪ್ಪದಿದ್ದರೆ ಸಾಕು. ಆ ವರ್ಷ 8 ಗೆಲುವು. ಆರ್ಮಿ ಮೊಟ್ಟಮೊದಲ ಬೌಲ್ ಪಂದ್ಯ (ಸೀಸನ್ ಕೊನೆಯಲ್ಲಿ ಆಯ್ದ ತಂಡಗಳಿಗೆ ನಡೆಯೋದು) ಆಡಿ ಮಿಷಿಗನ್ ಸ್ಟೇಟನ್ನು 10–6ರಲ್ಲಿ ಸೋಲಿಸಿತು.

2000ದಲ್ಲಿ ಬಂದ ಹೊಸ ಕೋಚ್ ಇದನ್ನು ಕಿತ್ತು ಹಾಕಿ ಮತ್ತೆ ಎಸೆಯೋ ಆಟಕ್ಕೆ ಹೋದರು. ಫಲಿತಾಂಶ 5 ಗೆಲುವು, 35 ಸೋಲು. 2003ರ ಮಧ್ಯದಲ್ಲೇ ಅವರನ್ನು ಕಳಿಸಿದರು, ಉಳಿದ ಪಂದ್ಯಗಳೂ ಹೋದವು. 0–13. ತಮಾಷೆ ಏನು ಗೊತ್ತಾ? ಇವರು ಬಿಟ್ಟ ಆಪ್ಷನ್ ಆಟವನ್ನು 2002ರಲ್ಲಿ ನೇವಿ ಕೋಚ್ ಪಾಲ್ ಜಾನ್ಸನ್ ಕೈಗೆತ್ತಿಕೊಂಡರು. 2002ರಿಂದ 2015ರವರೆಗೆ, ಹದಿನಾಲ್ಕು ವರ್ಷ, ಆರ್ಮಿ ಒಂದು ಸಲವೂ ನೇವಿಯನ್ನು ಸೋಲಿಸಲಿಲ್ಲ.

ಮಲ್ಲಿಗೆ ಮೊಗ್ಗು:
ಹದಿನಾಲ್ಕು ವರ್ಷ!! ನಾಲ್ಕು ವರ್ಷ ಓದಿ, ಒಂದು ಸಲವೂ ಗೆಲ್ಲದೆ ಹೊರಗೆ ಹೋದ ಹುಡುಗರು ಎಷ್ಟಿರಬೇಕು.

ಹಡ್ಸನ್ ದಂಡೆ:
ಕಟ್ಟೆ ಪುರಾಣದವರ ಲೆಕ್ಕ ಚೆನ್ನಾಗಿದೆ, ಆದರೆ ಪೂರ್ತಿ ಅಲ್ಲ. 2009ರಿಂದ 13ರವರೆಗೆ ಆರ್ಮಿಯೂ ಆಪ್ಷನ್ ಆಟವನ್ನೇ ಆಡಿತು. 2010 ಒಂದನ್ನು ಬಿಟ್ಟರೆ ಪ್ರತಿ ವರ್ಷವೂ ಗೆಲುವಿಗಿಂತ ಸೋಲೇ ಜಾಸ್ತಿ. ಈಗಿನ ಕೋಚ್ ಜೆಫ್ ಮಾಂಕನ್ 2014ರಲ್ಲಿ ಬಂದರು, ಪಾಲ್ ಜಾನ್ಸನ್ ಗರಡಿಯಲ್ಲೇ ಪಳಗಿದವರು. ಅವರಿಗೂ ಮೊದಲ ವರ್ಷ 4 ಗೆಲುವು 8 ಸೋಲು, ಎರಡನೇ ವರ್ಷ 2 ಗೆಲುವು 10 ಸೋಲು. ಸುಮ್ನೆ ಆಟದ ಹೆಸರು ಬದಲಿಸಿದರೆ ಆಗಲ್ಲ. 2016ರಲ್ಲಿ ಬಾಲ್ಟಿಮೋರ್‌ನಲ್ಲಿ ಕೊನೆಗೂ ನೇವಿಯನ್ನು 21–17ರಲ್ಲಿ ಸೋಲಿಸಿದರು. ಆ ದಿನ ನಾನು ಮನೆಯಲ್ಲಿ ಟಿವಿ ಮುಂದೆ. ಕೊನೆಯ ಗಂಟೆ ಬಾರಿಸಿದಾಗ ಬೂದು ಕೋಟಿನ ಕೆಡೆಟ್‌ಗಳು ಗ್ಯಾಲರಿಯಿಂದ ಮೈದಾನಕ್ಕೆ ಉರುಳಿ ಬಂದ ಹಾಗೆ ಬಂದರು. ನನ್ನ ಹೆಂಡತಿ ಅಡುಗೆಮನೆಯಿಂದ, "ಯಾರಿಗೇನಾಯ್ತು, ಯಾಕೆ ಕಿರುಚ್ತಿದ್ದೀರಿ?" ಅಂತ ಸೌಟು ಹಿಡಿದೇ ಓಡಿ ಬಂದಳು.

2018ರಲ್ಲಿ ಒಕ್ಲಹೋಮಾದಂಥ ದೊಡ್ಡ ತಂಡದ ಮನೆಗೇ ಹೋಗಿ, 60 ನಿಮಿಷದಲ್ಲಿ ಸುಮಾರು 45 ನಿಮಿಷ ಚೆಂಡು ತಮ್ಮ ಹತ್ತಿರವೇ ಇಟ್ಟುಕೊಂಡರು. ಸೋತಿದ್ದು ಹೆಚ್ಚುವರಿ ಆಟದಲ್ಲಿ, 28–21. ಚೆಂಡೇ ಸಿಗದಿದ್ದರೆ ದೈತ್ಯನಾದರೂ ಏನು ಮಾಡುತ್ತಾನೆ? ಆ ವರ್ಷ 11 ಗೆಲುವು. 2024ರಲ್ಲಿ 12, ಅದು ದಾಖಲೆ. ನೋಟರ್ ಡೇಮ್ ಎದುರು 49–14 ಸೋತಿದ್ದು, ನೀವು ನೋಡಿದ ನೇವಿ ಪಂದ್ಯ, ಎರಡೇ ಸೋಲು.

ಬನಶಂಕರಿ ಬಸ್:
ಅಬ್ಬಾ. ಈಗ ಅರ್ಥವಾಯಿತು. ಇನ್ನೊಂದು ಸಣ್ಣ ಪ್ರಶ್ನೆ. ಪಂದ್ಯ ಮುಗಿದ ಮೇಲೆ ಎರಡೂ ತಂಡ ಒಟ್ಟಿಗೆ ನಿಂತು ಏನೋ ಹಾಡುತ್ತಿದ್ದರು. ಗೆದ್ದವರು ಕುಣಿಯೋದು ಬಿಟ್ಟು ಸೋತವರ ಕಡೆ ಯಾಕೆ ಹೋದರು?

ಹಳೇ ಸುಬೇದಾರ:
ಮೊದಲು ಸೋತವರ ಕಾಲೇಜಿನ ಹಾಡು, ಅವರ ಕೆಡೆಟ್‌ಗಳ ಮುಂದೆ ಎರಡೂ ತಂಡ ನಿಲ್ಲುತ್ತವೆ. ಆಮೇಲೆ ಗೆದ್ದವರದ್ದು. ಅದಕ್ಕೇ ಅಲ್ಲಿ ಯಾರೂ ಗೆಲ್ಲಬೇಕು ಅನ್ನಲ್ಲ, ಎರಡನೆಯದಾಗಿ ಹಾಡಬೇಕು ಅನ್ನುತ್ತಾರೆ. 1963ರ ಪಂದ್ಯ ಹುಡುಕಿ ನೋಡಿ. ಕೆನಡಿ ಹತ್ಯೆಯಾಗಿ ಹದಿನೈದು ದಿನ, ಮನೆಯವರೇ ಆಡಲಿ ಅಂದರು. ನೇವಿ 21–15. ಕೊನೆಯಲ್ಲಿ ಚೆಂಡು ಗೆರೆಗೆ ಎರಡು ಯಾರ್ಡ್ ದೂರ, ಗದ್ದಲದಲ್ಲಿ ಆರ್ಮಿ ಕ್ವಾರ್ಟರ್‌ಬ್ಯಾಕ್ ಮಾತು ಯಾರಿಗೂ ಕೇಳದೆ ಸಮಯ ಮುಗಿದುಹೋಯಿತು. ಟಿವಿಯಲ್ಲಿ ರೀಪ್ಲೇ ಮೊದಲು ತೋರಿಸಿದ್ದೂ ಆ ಪಂದ್ಯದಲ್ಲೇ. ನೋಡೋರು ಗಾಬರಿಯಾಗಬಾರದು ಅಂತ, ಆರ್ಮಿ ಇನ್ನೊಂದು ಟಚ್‌ಡೌನ್ ಹೊಡೆದಿಲ್ಲ ಅಂತ ಕಾಮೆಂಟ್ರಿಯವರು ಬಿಡಿಸಿ ಹೇಳಬೇಕಾಯಿತು.

ಮಲ್ಲಿಗೆ ಮೊಗ್ಗು:
ಈ ಸಲ ಅಮ್ಮ ಅಪ್ಪ ಬರ್ತಿದ್ದಾರೆ, ಅಕ್ಟೋಬರ್‌ನಲ್ಲಿ ಕರೆದುಕೊಂಡು ಹೋಗಬಹುದಾ? ಆಟ ಅರ್ಥವಾಗದಿದ್ದರೆ ಬೇಜಾರಾಗುತ್ತಾ?

ಹಡ್ಸನ್ ದಂಡೆ:
ಖಂಡಿತ ಹೋಗಿ ಅಕ್ಕ. ಬೆಳಗ್ಗೆ ಬೇಗ ಹೋದರೆ ಬಯಲಲ್ಲಿ ಕೆಡೆಟ್‌ಗಳ ಪರೇಡ್ ನೋಡಬಹುದು, 1890ರಲ್ಲಿ ಆಡಿದ್ದು ಅಲ್ಲೇ. ಸ್ಟೇಡಿಯಂ ಪಕ್ಕ ಕೆರೆ, ಗುಡ್ಡದ ತುಂಬಾ ಕೆಂಪು ಹಳದಿ ಎಲೆ. ಚೆಂಡನ್ನು ಪ್ಯಾರಾಚೂಟ್‌ನಲ್ಲಿ ಇಳಿಯೋ ಕೆಡೆಟ್ ತರುತ್ತಾನೆ. ಗುರುತಿನ ಚೀಟಿ ಮರೆಯಬೇಡಿ, ಅದು ಸೈನ್ಯದ ಜಾಗ, ಗೇಟಲ್ಲಿ ತಪಾಸಣೆ ಇರುತ್ತೆ. ಒಂದೇ ಒಂದು ಎಚ್ಚರಿಕೆ: ಆರ್ಮಿ ಅಂಕ ಗಳಿಸಿದಾಗೆಲ್ಲ ಫಿರಂಗಿ ಹಾರಿಸುತ್ತಾರೆ. ನಮ್ಮತ್ತೆಗೆ ಹೇಳೋಕೆ ಮರೆತಿದ್ದೆ, ಅವರ ಕೈಲಿದ್ದ ಪಾಪ್‌ಕಾರ್ನ್ ಪೂರ್ತಿ ಮುಂದಿನ ಸಾಲಿನಲ್ಲಿ ಕೂತಿದ್ದ ಯಾರೋ ಕರ್ನಲ್ ಟೋಪಿ ಮೇಲೆ ಬಿತ್ತು. ಆ ಮನುಷ್ಯ ತಿರುಗಿ ನೋಡಿ, ಟೋಪಿ ಮೇಲಿದ್ದ ಒಂದು ಕಾಳು ತೆಗೆದು ಬಾಯಿಗೆ ಹಾಕಿಕೊಂಡರು. ಅಮ್ಮನ ಕಿವಿಗೆ ಸ್ವಲ್ಪ ಹತ್ತಿ ಇಟ್ಟುಕೊಂಡು ಹೋಗಿ.